ಅರವತ್ತೇಳರಲ್ಲಿ ನಿಂತ ಗೆರೆ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಓರೆ ಗೋಡೆ.

ಹಲ್ಲಿನ ಡಾಕ್ಟರಮ್ಮ ತಮ್ಮ ಹೊಸ ಕ್ಲಿನಿಕ್ಕಿಗೆಂದು ಹಿಡಿದ ಜಾಗದಲ್ಲಿ ಮೂರು ಕೋಣೆಗಳಿದ್ದವು. ಮೂರರಲ್ಲೂ ಹಿಂಬದಿಯ ಗೋಡೆ ಮೂಲೆಗೆ ನೇರವಾಗಿ ಬಂದು ಸೇರದೆ, ಸಾಲ ಕೇಳಲು ಬಂದ ನೆಂಟನ ಹಾಗೆ ಒಂದು ಪಕ್ಕಕ್ಕೆ ಸರಿದುಕೊಂಡಿತ್ತು. ಆ ಗೋಡೆಯುದ್ದಕ್ಕೂ ನೆಲದಿಂದ ಸೂರಿನವರೆಗೆ ಕಪಾಟುಗಳಾಗಬೇಕು. ಆರು ತಿಂಗಳ ಕೆಲಸ.

ಕಪಾಟು ಮಾಡುವವನಾದ್ದರಿಂದ ತನ್ನ ಅಂಗಡಿಯಿದ್ದ ಕಟ್ಟಡದವರೆಲ್ಲ ಕಪಾಟಣ್ಣ ಎಂದು ಕರೆಯುತ್ತಿದ್ದ ಆ ಮನುಷ್ಯನಿಗೆ ಎರಡು ತಿಂಗಳಿಂದ ಸಡಿಲವಾದ ಕೀಲು ಬಿಗಿ ಮಾಡುವುದು ಬಿಟ್ಟು ಬೇರೆ ಕೆಲಸ ಬಂದಿರಲಿಲ್ಲ. ಇದೂ ಕೈತಪ್ಪಿದರೆ ಅಂಗಡಿಗೆ ಬೀಗ ಹಾಕಿ, ಹೆಂಡತಿಯ ಅಣ್ಣನ ಬಾಗಿಲು ಕಾರ್ಖಾನೆಯಲ್ಲಿ ಬಂದ ಬಾಗಿಲು, ಹೋದ ಬಾಗಿಲು ಎಣಿಸುತ್ತ ಕೂರಬೇಕು. ಆ ಕುರ್ಚಿಯನ್ನು ಭಾವ ಆಗಲೇ ಒರೆಸಿ ಇಟ್ಟಿದ್ದಾರೆಂದು ಸುದ್ದಿಯೂ ಬಂದಿತ್ತು.

ಕಪಾಟಣ್ಣನ ಕಂಪ್ಯೂಟರಿನಲ್ಲಿ ಕಪಾಟಿನ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಒಂದಿತ್ತು. ಅಳತೆ ಕೊಟ್ಟರೆ ಸಾಕು, ಕಪಾಟು ಎದ್ದು ನಿಲ್ಲುತ್ತಿತ್ತು. ಆದರೆ ಓರೆ ಗೋಡೆ ಮಾತ್ರ ಅದಕ್ಕೆ ಒಗ್ಗದು. ಓರೆ ಎಂದು ಎಷ್ಟು ಸಲ ಬರೆದರೂ ಶಿಸ್ತಿನ ಹೆಡ್ಮಾಸ್ತರಂತೆ ಎಳೆದು ನೇರ ಮಾಡಿಬಿಡುತ್ತಿತ್ತು. ಹೀಗಿರುವಾಗ ಕಂಪನಿಯವರಿಂದ ಸಂದೇಶ ಬಂತು: ಗುರುವಾರ ಬೆಳಿಗ್ಗೆ ಹೊಸ ಅಪ್‌ಡೇಟ್, ಇನ್ನು ಮುಂದೆ ಎಂಥ ಓರೆ ಗೋಡೆಯಾದರೂ ಸರಿ. ಕಪಾಟಣ್ಣ ಅದನ್ನು ಮೂರು ಸಲ ಓದಿ ಡಾಕ್ಟರಮ್ಮನಿಗೆ ಫೋನ್ ಮಾಡಿದ್ದ. “ಗುರುವಾರ ನಾಲ್ಕು ಗಂಟೆಗೆ ಬನ್ನಿ ಅಮ್ಮಾ. ನಿಮ್ಮ ಕ್ಲಿನಿಕ್ಕಿನೊಳಗೆ ನೀವೇ ಓಡಾಡ್ದಂಗೆ ತೋರಿಸ್ತೀನಿ.”

ಗುರುವಾರ ಒಂಬತ್ತು ಗಂಟೆಗೆ ಅಪ್‌ಡೇಟ್ ಇಳಿಯತೊಡಗಿತು. ಪರದೆಯ ಮೇಲೆ ಒಂದು ನೀಲಿ ಗೆರೆ ಎಡದಿಂದ ಬಲಕ್ಕೆ, ಈಗಷ್ಟೇ ನಡೆಯಲು ಕಲಿತ ಮಗುವಿನಂತೆ ಎರಡು ಹೆಜ್ಜೆ ಇಟ್ಟು, ನಿಂತು, ಮತ್ತೆ ಎರಡು ಹೆಜ್ಜೆ ಇಟ್ಟು ಸಾಗಿತು. ಅರವತ್ತೇಳು ಪರ್ಸೆಂಟ್ ಎಂಬಲ್ಲಿಗೆ ಬಂದದ್ದು ಅಲ್ಲೇ ಕುಳಿತುಬಿಟ್ಟಿತು.

ಐದು ನಿಮಿಷವಾಯಿತು. ಹತ್ತಾಯಿತು. ಕಪಾಟಣ್ಣ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದ. ಅತ್ತಲಿನ ಹುಡುಗಿ ಜೇನಿನಂಥ ದನಿಯಲ್ಲಿ, “ಸರ್, ಪರದೆಯ ಫೋಟೋ ಒಂದು ಕಳ್ಸಿ. ಆಮೇಲೆ ಏನೂ ಮುಟ್ಬೇಡಿ. ಅದು ತಾನಾಗೇ ಆಗುತ್ತೆ,” ಎಂದಳು.

ಫೋಟೋ ಎಂದ ಮೇಲೆ ಅದೇ ಕಟ್ಟಡದ ಎದುರು ಅಂಗಡಿಯ ಫೋಟೋ ಸ್ಟುಡಿಯೋದವರನ್ನು ಬಿಟ್ಟು ಇನ್ಯಾರನ್ನು ಕರೆಯುವುದು? ಅವರು ಕನ್ನಡಕ ಹಣೆಗೇರಿಸಿಕೊಂಡು ಬಂದರು. “ಫೋನಲ್ಲಿ ತೆಗೆದ್ರೆ ಮಿಂಚು ಹೊಡಿಯುತ್ತೆ ಕಪಾಟಣ್ಣ. ಕಂಪ್ಯೂಟರಿಂದಾನೇ ತೆಗೀಬೇಕು,” ಎಂದು ಎರಡು ಗುಂಡಿ ಒತ್ತಿ, ಚಿತ್ರ ಕಳಿಸಿ, ಅದು ಸ್ಪಷ್ಟವಾಗಿ ಬಂದಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿ, “ಬೊಂಬಾಟ್!” ಎಂದು ಕೈ ಒರೆಸಿಕೊಂಡರು. “ಇನ್ನು ಯಾರೂ ಮುಟ್ಬೇಡಿ.”

ಯಾರೂ ಮುಟ್ಟಲಿಲ್ಲ.

ಹತ್ತೂವರೆಗೆ ಪಕ್ಕದ ಅಂಗಡಿಯ ದರ್ಜಿ ಅಕ್ಕ ಕತ್ತಿಗೆ ಅಳತೆ ಟೇಪು ಸುತ್ತಿಕೊಂಡೇ ಬಂದು ಇಣುಕಿದಳು. “ಏನಪ್ಪಾ, ಗರ ಬಡಿದವನ ಹಾಗೆ ಕೂತಿದ್ದೀಯ?”

ಕಪಾಟಣ್ಣ ಗೆರೆಯನ್ನು ತೋರಿಸಿದ.

“ಅಯ್ಯೋ, ನೆಟ್ ಸಾಲ್ತಿಲ್ಲ ಕಣೋ! ಕಟ್ಟಡಕ್ಕೆಲ್ಲ ಸೇರಿ ಇರೋದು ಒಂದೇ ಲೈನು. ಎಲ್ರೂ ಬಾಯಿ ಹಾಕಿ ಹೀರಿದ್ರೆ ನಿಂಗೆಲ್ಲಿ ಉಳಿಯುತ್ತೆ? ಇರು,” ಎಂದವಳೇ, ಬಟ್ಟೆ ಹೊಲಿಯುತ್ತ ನೋಡುತ್ತಿದ್ದ ಧಾರಾವಾಹಿಯನ್ನು ನಿಲ್ಲಿಸಿದಳು. ಸೊಸೆ ಮನೆ ಬಿಟ್ಟು ಹೊರಟ ಘಟ್ಟದಲ್ಲಿ! ಅಂಥ ತ್ಯಾಗ ಮಾಡಿದವಳು ಬೇರೆಯವರನ್ನು ಸುಮ್ಮನೆ ಬಿಡುತ್ತಾಳೆಯೇ? ಮೆಟ್ಟಿಲ ಬುಡದಲ್ಲಿ ನಿಂತು ಮೇಲಿನ ಟ್ಯೂಷನ್ ಮೇಷ್ಟ್ರಿಗೆ ಕೂಗು ಹಾಕಿದಳು. “ಮೇಷ್ಟ್ರೇ, ನೆಟ್ ಆರಿಸಿ! ಒಬ್ಬನ ಹೊಟ್ಟೆಪಾಡಿನ ವಿಷಯ!”

ಕಂಪ್ಯೂಟರಿನ ಮುಂದೆ ಕುಳಿತು ಊರಿನಾಚೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟ್ರು, ಭಿನ್ನರಾಶಿಯನ್ನು ಅರ್ಧಕ್ಕೇ ಬಿಟ್ಟು ಇಳಿದು ಬಂದರು. ಅವರೂ ನೋಡಿದರು. “ಉಳಿದದ್ದು ಮೂವತ್ಮೂರು. ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಚೂರು ಕಮ್ಮಿ,” ಎಂದು ತಮ್ಮ ಪಾಲಿನ ಸಹಾಯ ಮಾಡಿ, ಪ್ಲೈವುಡ್ ರಾಶಿಯ ಮೇಲೆ ಕುಳಿತರು.

ಸ್ಟುಡಿಯೋದವರೂ ತಮ್ಮ ಕಂಪ್ಯೂಟರ್ ಆರಿಸಿ ಬಂದರು. ದರ್ಜಿ ಅಕ್ಕನಿಗೆ ಆಗ ಹೊಳೆಯಿತು. “ಎಲ್ರದ್ದೂ ಆರಿಸಿದ್ವಿ, ನಿನ್ನ ಫೋನು? ಅದೂ ನೆಟ್ ಕುಡೀತಾ ಕೂತಿದ್ಯಲ್ಲೋ!”

ನೆಟ್ ಒಂದನ್ನೇ ಆರಿಸುವ ಗುಂಡಿ ಎಲ್ಲಿದೆಯೆಂದು ಹುಡುಕುವ ತಾಳ್ಮೆ ಯಾರಿಗಿತ್ತು? ಕಪಾಟಣ್ಣ ಫೋನನ್ನೇ ಪೂರ್ತಿ ಆರಿಸಿ ಮೊಳೆಯ ಡಬ್ಬದಲ್ಲಿ ಹಾಕಿದ.

ಕಟ್ಟಡ ಮೌನವಾಯಿತು. ಹೊಲಿಗೆ ಯಂತ್ರ ಓಡಿದರೆ ಗೋಡೆ ಅದುರುತ್ತದೆ, ಗೋಡೆ ಅದುರಿದರೆ ತಂತಿ ಅದುರುತ್ತದೆ ಎಂದು ಅದೂ ನಿಂತಿತು. ಗಾಳಿಗೆ ಕರೆಂಟು ಖರ್ಚೇಕೆ ಎಂದು ಫ್ಯಾನೂ ನಿಂತಿತು. ಕಿಟಕಿಯಿಂದ ಬಂದ ಬಿಸಿಲಿನ ಕೋಲಿನಲ್ಲಿ ಮರದ ಪುಡಿ ಅವಸರವಿಲ್ಲದೆ ತೇಲುತ್ತಿತ್ತು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುವ ಸದ್ದು. ನಾಲ್ಕು ಜನ ಒಂದು ನೀಲಿ ಗೆರೆಯ ಮುಂದೆ, ತೊಟ್ಟಿಲ ಸುತ್ತ ಕುಳಿತ ಮನೆಯವರ ಹಾಗೆ, ಪಿಸುಮಾತಿನಲ್ಲಿ ಮಾತಾಡುತ್ತ ಕುಳಿತರು.

“ಅಲುಗಾಡ್ತು!” ಎಂದಳು ದರ್ಜಿ ಅಕ್ಕ ಒಮ್ಮೆ. “ನನ್ನಾಣೆ, ಕೂದಲೆಳೆಯಷ್ಟು ಮುಂದೆ ಹೋಯ್ತು.”

“ನಂಗೂ ಕಾಣಿಸ್ತು,” ಎಂದರು ಸ್ಟುಡಿಯೋದವರು. “ನಲವತ್ತು ವರ್ಷ ಲೆನ್ಸಲ್ಲಿ ನೋಡಿದ ಕಣ್ಣು ಇದು. ಸುಳ್ಳು ಹೇಳಲ್ಲ.”

ಮೇಷ್ಟ್ರು ಮಾತ್ರ, “ಅರವತ್ತೇಳು ಅಂತಾನೇ ಇದ್ಯಲ್ಲ,” ಎಂದರು.

“ಅರವತ್ತೇಳೂವರೆ ಆಗಿರುತ್ತೆ ಮೇಷ್ಟ್ರೇ. ಅರ್ಧಗಳನ್ನ ಅದು ಬರೆಯಲ್ಲ,” ಎಂದು ದರ್ಜಿ ಅಕ್ಕ ಅವರ ಬಾಯಿ ಮುಚ್ಚಿಸಿದಳು.

ಕಪಾಟಣ್ಣನಿಗೆ ಇದೊಂದೂ ಕೇಳುತ್ತಿರಲಿಲ್ಲ. ನೋಡುತ್ತ ನೋಡುತ್ತ ಆ ಗೆರೆ ಅವನಿಗೆ ಗೆರೆಯಾಗಿ ಉಳಿಯಲಿಲ್ಲ. ಅದು ಕಪಾಟಿನ ಉದ್ದನೆಯ ನೀಲಿ ಹಲಗೆಯಾಯಿತು. ಅದರ ಮೇಲೆ ಇನ್ನೊಂದು ಹಲಗೆ ಬಂತು, ಅದಕ್ಕೆ ಬಾಗಿಲು ಬಂತು. ಅವನು ಬರಿಗಾಲಿನಲ್ಲಿ ಆ ಓರೆ ಗೋಡೆಯ ಪಕ್ಕ ನಡೆಯುತ್ತಿದ್ದ. ಬೆರಳು ತಾಗಿಸಿದರೆ ಸಾಕು, ಬಾಗಿಲುಗಳು ಸದ್ದಿಲ್ಲದೆ ತೆರೆದು, ಮಲಗಿದ ಮಗುವಿಗೆ ಎಚ್ಚರವಾಗದಂತೆ ಕದ ಎಳೆಯುವ ತಾಯಿಯ ಹಾಗೆ ತಮ್ಮಷ್ಟಕ್ಕೆ ಮುಚ್ಚಿಕೊಳ್ಳುತ್ತಿದ್ದವು. ಡ್ರಾಯರುಗಳು ನೀರಿನ ಮೇಲೆ ದೋಣಿ ಜಾರಿದಂತೆ ಜಾರಿ ಬರುತ್ತಿದ್ದವು. ಓರೆಯಾದ ಮೂಲೆಯಲ್ಲಿ ಅವನು ಮಾಡಿದ ಪುಟ್ಟ ಕಪಾಟೊಂದು ಹೂವಿನಂತೆ ಅರಳಿ ಸುತ್ತುತ್ತಿತ್ತು. ಕೋಣೆ ಮುಗಿದರೆ ಇನ್ನೊಂದು ಕೋಣೆ, ಅದು ಮುಗಿದರೆ ಮತ್ತೊಂದು. ಕೊನೆಯ ಕೋಣೆಯಲ್ಲಿ ಭಾವ ಕೈಕಟ್ಟಿ ನಿಂತು, “ನನ್ನ ಕಾರ್ಖಾನೆಗೂ ಒಂದು ಕಪಾಟು ಮಾಡ್ಕೊಡಿ ಭಾವ,” ಎಂದು ಬೇಡುತ್ತಿದ್ದರು.

“ರೀ!”

ಹೆಂಡತಿ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗಂಟೆ ಒಂದೂವರೆ. ಪ್ಲೈವುಡ್ಡಿನ ಮೇಲೆ ಮೇಷ್ಟ್ರು ನಿದ್ದೆ ಹೋಗಿದ್ದರು.

“ಏನ್ರೀ ಇದು, ಯಾರಾದ್ರೂ ಹೋಗ್ಬಿಟ್ರಾ? ಎಲ್ರೂ ಹೀಗೆ ಕೂತಿದ್ದೀರ?”

“ಶ್! ಅಪ್‌ಡೇಟ್ ಆಗ್ತಿದೆ.”

ಅವಳು ಪರದೆಯನ್ನು ನೋಡಿದಳು, ಗಂಡನನ್ನು ನೋಡಿದಳು. “ಹನ್ನೆರಡು ವರ್ಷ ಆಯ್ತು ಮದುವೆಯಾಗಿ. ಒಂದಿನ ನನ್ನ ಮುಖಾನ ಇಷ್ಟು ಹೊತ್ತು ನೋಡಿದ್ದುಂಟಾ ನೀವು? ಪೆನ್ಸಿಲ್ ತಗೊಂಡು ಕಾಗದದ ಮೇಲೆ ಬಿಡಿಸಿ ತೋರ್ಸಿದ್ರೆ ಆಗಲ್ವಾ?”

“ಓಡಾಡಿ ತೋರಿಸ್ತೀನಿ ಅಂದಿದ್ದೀನಿ ಕಣೇ. ಕಾಗದದಲ್ಲಿ ಹೇಗೆ ಓಡಾಡೋದು?”

“ಇರುವೆ ಓಡಾಡಲ್ವಾ?” ಎಂದು ಗೊಣಗಿಕೊಂಡು, ಡಬ್ಬಿ ಬಿಚ್ಚಿ, ಗಂಡನ ಪಾಲಿನ ಊಟವನ್ನೇ ನಾಲ್ಕು ಭಾಗ ಮಾಡಿ ಎಲ್ಲರಿಗೂ ಕೊಟ್ಟಳು. ಬೈದ ಮೇಲೂ ಹೊರಡಲಿಲ್ಲ. ಅವನ ಭುಜದ ಮೇಲೆ ಕೂತಿದ್ದ ಮರದ ಪುಡಿ ಕೊಡವಿ, ತಾನೂ ಒಂದು ಡಬ್ಬದ ಮೇಲೆ ಕುಳಿತು ಗೆರೆ ನೋಡತೊಡಗಿದಳು. ಸ್ವಲ್ಪ ಹೊತ್ತಿನಲ್ಲೇ ಅವಳಿಗೂ ಅದು ಅಲುಗಾಡಿದಂತೆ ಕಂಡಿತು.

ಗೋಡೆ ಗಡಿಯಾರ ನಾಲ್ಕು ಹೊಡೆಯುವುದಕ್ಕೂ ಡಾಕ್ಟರಮ್ಮ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು.

ಕಪಾಟಣ್ಣ ಎದ್ದು ನಿಂತ. “ಅಮ್ಮಾ, ಇನ್ನೇನು, ಮೂವತ್ಮೂರೇ ಬಾಕಿ. ಒಂದೈದು ನಿಮಿಷ ಕೂತ್ಕೊಳ್ಳಿ.”

ಡಾಕ್ಟರಮ್ಮ ಏನೋ ಹೇಳಲು ಬಂದವರು, ಎಲ್ಲರೂ ನೋಡುತ್ತಿದ್ದ ಕಡೆಗೆ ತಾವೂ ಬಗ್ಗಿ ನೋಡಿದರು. ಎಷ್ಟೋ ಬಾಯಿಗಳ ಮೂಲೆಮೂಲೆ ನೋಡಿ ಪಳಗಿದ ಕಣ್ಣು ನೇರ ಪರದೆಯ ಮೂಲೆಗೆ ಹೋಯಿತು.

“ನಿಮ್ಮ ಕಂಪ್ಯೂಟರಲ್ಲಿ ಇನ್ನೂ ಬೆಳಿಗ್ಗೆ ಒಂಬತ್ತೂ ನಲವತ್ತೆರಡಾ?”

ಸ್ಟುಡಿಯೋದವರ ಕನ್ನಡಕ ಹಣೆಯಿಂದ ತಾನಾಗಿ ಜಾರಿ ಮೂಗಿನ ಮೇಲೆ ಕುಳಿತಿತು. ಅವರು ಒಂದು ಗುಂಡಿ ಒತ್ತಿದರು. ಗೆರೆ, ಅರವತ್ತೇಳು, ಒಂಬತ್ತೂ ನಲವತ್ತೆರಡು ಎಲ್ಲವೂ ನಾಟಕದ ಪರದೆ ಸರಿದಂತೆ ಸರಿದು ಹೋದವು. ಅದು ಅವರೇ ಬೆಳಿಗ್ಗೆ ತೆಗೆದು, ಸ್ಪಷ್ಟವಾಗಿದೆಯೇ ಎಂದು ದೊಡ್ಡದು ಮಾಡಿ ನೋಡಿ, ಮುಚ್ಚಲು ಮರೆತ ಫೋಟೋ. ಅದರ ಹಿಂದೆ ಅಸಲು ಸಾಫ್ಟ್‌ವೇರ್ ಅಚ್ಚುಕಟ್ಟಾಗಿ ಕಾದು ಕುಳಿತಿತ್ತು: ಅಪ್‌ಡೇಟ್ ಪೂರ್ಣಗೊಂಡಿದೆ, ಬೆಳಿಗ್ಗೆ ಒಂಬತ್ತೂ ಐವತ್ತೊಂದು.

“ಅರವತ್ತೇಳೂವರೆ,” ಎಂದರು ಮೇಷ್ಟ್ರು, ಯಾರನ್ನೂ ನೋಡದೆ. ದರ್ಜಿ ಅಕ್ಕ ಟೇಪಿನ ತುದಿಯನ್ನು ಬಹಳ ಗಮನವಿಟ್ಟು ಪರೀಕ್ಷಿಸುತ್ತಿದ್ದಳು.

ಕಪಾಟಣ್ಣ ಕುರ್ಚಿಗೆ ಹಾರಿದ. ಕಂಠಪಾಠವಾಗಿದ್ದ ಅಳತೆಗಳು ಬೆರಳಿನಿಂದ ತಾವಾಗಿ ಉದುರಿದವು. ಒಂದೆರಡು ನಿಮಿಷ. ಓರೆ ಗೋಡೆ ಎದ್ದಿತು, ನೇರವಾಗಲಿಲ್ಲ. ಅದರ ತುಂಬ ಕಪಾಟುಗಳು ಮೂಡಿದವು. ಮೂಲೆಯಲ್ಲಿ ಪುಟ್ಟ ಕಪಾಟು ಹೂವಿನಂತೆ ಅರಳಿ ನಿಧಾನವಾಗಿ ಒಂದು ಸುತ್ತು ಸುತ್ತಿತು. ಹೆಂಡತಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. “ತುಂಬಾ ಚೆನ್ನಾಗಿದೆ,” ಎಂದರು. ಆಮೇಲೆ, ಹಲ್ಲು ಕೀಳುವ ಮೊದಲು ರೋಗಿಗಳೊಡನೆ ಆಡುವ ಆ ಮೆತ್ತನೆಯ ದನಿಯಲ್ಲಿ, “ಸ್ವಲ್ಪ ನೋವಾಗುತ್ತೆ, ಬೇಜಾರು ಮಾಡ್ಕೋಬೇಡಿ. ಮಧ್ಯಾಹ್ನ ಹನ್ನೆರಡರಿಂದ ನಿಮಗೆ ಹನ್ನೊಂದು ಸಲ ಫೋನ್ ಮಾಡ್ದೆ. ಆಫ್ ಇತ್ತು. ನನ್ನ ಕ್ಲಿನಿಕ್ ಕಟ್ಟಡದ ಯಜಮಾನರು ಪ್ರಯಾಣ ಹೊರಟಿದ್ರು. ಎರಡು ಗಂಟೆಯೊಳಗೆ ನಕ್ಷೆ ತೋರಿಸಿ ಅವರ ಒಪ್ಪಿಗೆ ತಗೋಬೇಕಿತ್ತು. ದೊಡ್ಡ ರಸ್ತೆಯ ಕಪಾಟಿನ ಅಂಗಡಿಯವರು ಬಂದು ಬಿಡಿಸಿಕೊಟ್ರು. ಕೆಲಸ ಅವರಿಗೇ ಹೇಳಿಬಿಟ್ಟೆ. ಫೋನಲ್ಲಿ ಸಿಗ್ಲಿಲ್ಲ, ಮುಖಕ್ಕೇ ಹೇಳಿ ಹೋಗೋಣ ಅಂತ ಬಂದೆ.”

“ಓರೆ ಗೋಡೇನ ಅವ್ರು ಹೇಗೆ ಬಿಡಿಸಿದ್ರು?” ಕಪಾಟಣ್ಣನ ದನಿ ಬಾವಿಯೊಳಗಿಂದ ಬಂತು.

“ಅವರ ಹತ್ರಾನೂ ಇದೇ ಸಾಫ್ಟ್‌ವೇರ್ ಇದ್ಯಂತೆ. ಅಪ್‌ಡೇಟ್ ಬೆಳಿಗ್ಗೆ ಹತ್ತಕ್ಕೆ ಮುಂಚೇನೇ ಬಂತಂತೆ.”

ಕಪಾಟಣ್ಣನ ಬಾಯಿ ತೆರೆಯಿತು. ತೆರೆದದ್ದು ಹಾಗೇ ನಿಂತಿತು. ತೆರೆದ ಬಾಯಿ ಕಂಡರೆ ಡಾಕ್ಟರಮ್ಮ ಸುಮ್ಮನಿರುವವರಲ್ಲ. ಚೀಲದಿಂದ ಪುಟ್ಟ ಟಾರ್ಚು ತೆಗೆದು, ಅವನ ಗಲ್ಲವನ್ನು ಬೆಳಕಿಗೆ ತಿರುಗಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು.

“ಮೇಲಿನ ಸಾಲು, ಕಟ್ಟಕಡೆಯ ದವಡೆ ಹಲ್ಲು. ಓರೆಯಾಗಿ ಬೆಳೆದು ಪಕ್ಕದ್ದನ್ನೂ ಹುಳುಕು ಮಾಡಿದೆ. ಎರಡೂ ತೆಗೀಬೇಕು,” ಎಂದು ಟಾರ್ಚು ಆರಿಸಿದರು. “ನಾಳೆ ನಾಲ್ಕು ಗಂಟೆಗೆ ಬನ್ನಿ. ಈ ಸಲ ಫೋನ್ ಆನ್ ಇಟ್ಟಿರಿ.”