ಬಿಸಿಲಿನ ಕಡೆ ಕೂರುವ ಅತ್ತೆ

ನನ್ನ ಸೋದರತ್ತೆಗೆ ಸೂರ್ಯನ ಮೇಲೆ ಇರುವುದು ಒಂದೇ ದೂರು: ಅವನು ಸಂಜೆ ಬೇಗ ಮನೆಗೆ ಹೋಗುತ್ತಾನೆ! ಏಪ್ರಿಲ್ ತಿಂಗಳಲ್ಲಿ ಮಧುಗಿರಿಯ ಬಂಡೆ ಕಾದು, ಊರಿಗೆ ಊರೇ ಫ್ಯಾನಿನ ಕೆಳಗೆ ಬಿದ್ದುಕೊಂಡಿರುವಾಗ, ಕೈಗೆ ಉಣ್ಣೆಯ ಗವಸು, ಕಾಲಿಗೆ ಕಾಲುಚೀಲ ಏರಿಸಿ ತಾರಸಿಯ ಮೇಲೆ ನೆಮ್ಮದಿಯಾಗಿ ಕೂತ ಹೆಂಗಸನ್ನು ನೀವು ಕಂಡರೆ, ಅನುಮಾನ ಬೇಡ, ಅವರೇ ನಮ್ಮತ್ತೆ.

ಅವರ ಮಗಳನ್ನು ಕೊಟ್ಟಿರುವುದು ಪಾವಗಡದ ಕಡೆ ಬಲಸಮುದ್ರಕ್ಕೆ. ಬೆಳಿಗ್ಗೆ ಬಸ್ ಹತ್ತಿದರೆ ಬಿಸಿಲು ಬಲಗಡೆ. ಸಂಜೆ ವಾಪಸು ಬರುವಾಗಲೂ ಬಲಗಡೆಯೇ. ಈ ಲೆಕ್ಕ ಗೊತ್ತಿದ್ದವರೆಲ್ಲ ಎಡಗಡೆಗೆ ಮುಗಿಬೀಳುತ್ತಾರೆ. ಅತ್ತೆ ಬಲಗಡೆಯ ಕಿಟಕಿ ಹಿಡಿಯುತ್ತಾರೆ. ಒಮ್ಮೆ ಕಂಡಕ್ಟರು ಕನಿಕರಪಟ್ಟ.

"ಅಮ್ಮ, ಈ ಕಡೆ ನೆರಳೈತೆ, ಬನ್ನಿ."

"ನೆರಳು ನೀನೇ ಇಟ್ಕೊಳಪ್ಪ. ಕಾಸು ಕೊಟ್ಟಿದ್ದಕ್ಕೆ ನನಗೆ ಬಿಸಿಲು ಬೇಕು."

ಹಿಂದಿನ ಸೀಟಿನಲ್ಲಿದ್ದ ಪಾವಗಡದ ಮುದುಕರೊಬ್ಬರು ತಡೆಯಲಾರದೆ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು: "ಏಂದಮ್ಮಾ, ಇಂಥಾ ಎಂಡ, ಬಿಸಿಲಲ್ಲಿ ಉಲ್ಲನ್ ಗ್ಲೌಸಾ? ಜ್ವರಮಾ?"

"ಜ್ವರ ಅಲ್ಲ ಕಣಣ್ಣ, ಶೋಕಿ!"

ಇದು ಕೇಳಿ ಬರೆದ ಸುದ್ದಿಯಲ್ಲ. ಪಕ್ಕದ ಸೀಟಿನಲ್ಲಿ ಕೂತು ಬೆವರಿದವನು ನಾನೇ. ಬಲಸಮುದ್ರದಲ್ಲಿ ಇಳಿದು, ಕಣ್ಣು ಹಾಯುವವರೆಗೂ ಹಾಸಿದ್ದ ಸೋಲಾರ್ ಫಲಕಗಳನ್ನು ನೋಡಿ ಅತ್ತೆ ತೀರ್ಪು ಕೊಟ್ಟರು: "ಸೂರ್ಯನಿಗೆ ಮರ್ಯಾದೆ ಕೊಡೋ ಊರು ಅಂದ್ರೆ ಇದು ಕಣ್ಲಾ."

ಅತ್ತೆಯ ಕಸುಬು ಸೀರೆಗೆ ಕುಚ್ಚು ಕಟ್ಟುವುದು. ಮಧುಗಿರಿ, ಕೊರಟಗೆರೆಯ ಮದುವೆಗಳಲ್ಲಿ ಧಾರೆ ಸೀರೆಯ ಸೆರಗು ನೋಡಿದರೆ ಸಾಕು, ಇದು ಅವರ ಕೈ ಅಂತ ಗೊತ್ತಾಗುತ್ತದೆ. ರೇಷ್ಮೆ ನೂಲಿನ ಗಂಟನ್ನು ಗವಸು ಹಾಕಿಕೊಂಡು ಬಿಗಿಯಲು ಆಗುತ್ತದೆಯೇ? ಅದಕ್ಕೇ ಪಕ್ಕದಲ್ಲಿ ಬಿಸಿ ಟೀ ಲೋಟ. ನಾಲ್ಕು ಗಂಟು ಹಾಕುವುದು, ಲೋಟ ಹಿಡಿದುಕೊಳ್ಳುವುದು. ಮತ್ತೆ ನಾಲ್ಕು ಗಂಟು, ಮತ್ತೆ ಲೋಟ. ಕುಡಿಯುವುದಿಲ್ಲ! ಪೂರ್ತಿ ತಣ್ಣಗಾದ ಮೇಲೆ ಬಂದ ನೆಂಟರಿಗೆ ಕೊಡುತ್ತಾರೆ.

ತಣ್ಣೀರು ತಾಗಿದರೆ ಅವರ ಬೆರಳು ಮೊದಲು ಸುಣ್ಣದಂತೆ ಬಿಳಿಚುತ್ತದೆ, ಆಮೇಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಬೆಚ್ಚಗಾಗುತ್ತಾ ಕೆಂಪಾಗುತ್ತದೆ. ನೂಲಿನ ಬಣ್ಣ ಆರಿಸಲಾಗದೆ ಒದ್ದಾಡುತ್ತಿದ್ದ ಮದುವೆ ಹುಡುಗಿಯೊಬ್ಬಳ ಮುಂದೆ ಅತ್ತೆ ತಮ್ಮ ಬೆರಳನ್ನೇ ಹಿಡಿದಿದ್ದರು: "ಈ ನೀಲಿ ಒಪ್ಪುತ್ತಾ ನೋಡವ್ವ. ಬ್ಯಾಡ್ವಾ? ಎರಡು ನಿಮಿಷ ತಡಿ, ಕೆಂಪು ಬತ್ತದೆ."

ಅದೇ ಹುಡುಗಿಯ ಮದುವೆ ಊಟದಲ್ಲಿ ಐಸ್‌ಕ್ರೀಂ ಬಂತು. ಬಡಿಸುವವನ ಕಡೆ ಕಪ್ ಚಾಚಿ, "ಇದನ್ನ ಒಂಚೂರು ಬಿಸಿ ಮಾಡಿ ಕೊಡ್ತೀಯೇನಪ್ಪ?" ಅಂದರು. ಅವನು ಅಡುಗೆಮನೆ ಕಡೆ ಹೋದವನು ನಾವು ಕೈ ತೊಳೆಯುವವರೆಗೂ ವಾಪಸು ಬರಲಿಲ್ಲ.

ಇಷ್ಟು ದಿನ ನಾವು ನಕ್ಕಿದ್ದೆಲ್ಲ ಸರಿಯೇ. ಆದರೆ ಹೋದ ಚಳಿಗಾಲದಲ್ಲಿ ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಹುಣ್ಣಾಯಿತು. ಸಾಸಿವೆ ಕಾಳಿನಷ್ಟಿದ್ದದ್ದು ಎರಡು ತಿಂಗಳಾದರೂ ಮಾಯಲಿಲ್ಲ, ದೊಡ್ಡದಾಯಿತು. ಅತ್ತೆ ಬಟ್ಟೆ ಸುತ್ತಿಕೊಂಡು ಕುಚ್ಚು ಕಟ್ಟಿದರು. ಒಂದು ಸೆರಗಿಗೆ ರಕ್ತದ ಕಲೆ ಬಿದ್ದ ದಿನ ನಮ್ಮ ಜೊತೆ ತುಮಕೂರಿನ ಆಸ್ಪತ್ರೆಗೆ ಹೊರಟರು.

ಅಲ್ಲಿ ನರ್ಸ್ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿದರೆ ಯಂತ್ರದಲ್ಲಿ ಅಂಕಿಯೇ ಇಲ್ಲ. ಇನ್ನೊಂದು ಬೆರಳು, ಮತ್ತೊಂದು ಬೆರಳು. ಊಹೂಂ. ನರ್ಸ್ ಮುಖ ಸಣ್ಣದಾಯಿತು. ಅತ್ತೆ ನನ್ನ ಕಡೆ ತಿರುಗಿ, "ಮಿಷನ್ ಪ್ರಕಾರ ನಾನು ಸತ್ತು ಐದು ನಿಮಿಷ ಆಯ್ತು ಕಣ್ಲಾ. ಬಿಸಿ ಕಾಫಿ ಏನಾರ ತರ್ತೀಯಾ?" ಅಂದರು. ಕೊನೆಗೆ ಕ್ಲಿಪ್ಪನ್ನು ಕಿವಿಗೆ ಹಾಕಿದ ಮೇಲೆ ಅತ್ತೆ ಬದುಕಿರುವುದು ಖಚಿತವಾಯಿತು.

ಡಾಕ್ಟರು ಕಾಯಿಲೆಯ ಹೆಸರು ಹೇಳಿದರು: ಸಿಸ್ಟಮಿಕ್ ಸ್ಕ್ಲೀರೋಸಿಸ್. ಆಮೇಲೆ ನಿಧಾನವಾಗಿ ಬಿಡಿಸಿದರು. "ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬಿದ್ದಿದೆ ಅಮ್ಮ. ಸಣ್ಣ ಸಣ್ಣ ರಕ್ತನಾಳಗಳ ಒಳಗೋಡೆಗೆ ಏಟು ಬಿದ್ದು, ಗೋಡೆ ದಪ್ಪಗಾಗಿ, ದಾರಿ ಕಿರಿದಾಗಿದೆ. ಚಳಿ ತಾಗಿದರೆ ಉಳಿದ ದಾರಿಯೂ ಬಿಗಿದುಕೊಳ್ಳುತ್ತೆ."

"ಕೊನೇ ಮನೆಗೆ ನೀರು ಬತ್ತಾ ಇಲ್ಲ ಅನ್ನಿ."

"ಹಾಗೇ. ಹಿಂಗೇ ಬಿಟ್ಟರೆ ಬೆರಳ ತುದಿ ಕಪ್ಪಾಗುತ್ತೆ. ಆಮೇಲೆ ಕತ್ತರಿಸಬೇಕಾಗುತ್ತೆ."

ಅತ್ತೆ ಆ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡರು.

ಹೃದಯ, ಶ್ವಾಸಕೋಶದ ಪರೀಕ್ಷೆಗಳಾದವು. ಅಲ್ಲಿಯ ನಾಳಗಳಿಗೆ ಇನ್ನೂ ತೊಂದರೆ ಕಾಣಿಸಿರಲಿಲ್ಲ. ನಾಳ ಸಡಿಲಿಸಲು ಮಾತ್ರೆ ಬರೆದುಕೊಟ್ಟ ಡಾಕ್ಟರು ಕೊನೆಯದಾಗಿ ಕೇಳಿದರು, "ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತೀರಾ?"

"ಹಾಕೋದು ಬಾಯಿಗೆ ಡಾಕ್ಟ್ರೇ. ಬೆರಳಿಗಲ್ವಲ್ಲ!"

"ಬಾಯಿಂದ ರಕ್ತಕ್ಕೆ ಹೋಗುತ್ತೆ, ನಾಳ ಇನ್ನೂ ಬಿಗಿಯುತ್ತೆ. ಹೊಗೆಸೊಪ್ಪು ಬೇಕೋ, ಬೆರಳು ಬೇಕೋ ನೀವೇ ಹೇಳಿ."

"ಅರ್ಧರ್ಧ ಮಾಡ್ಕೊಳನಾ?"

ಡಾಕ್ಟರು ನಗಲಿಲ್ಲ. ಆರು ವಾರ ಬಿಟ್ಟು ಬರಲು ಹೇಳಿದರು.

ಆ ಆರು ವಾರ ಅತ್ತೆಯ ಬೀದಿಯಲ್ಲಿ ಇದ್ದವರನ್ನು ಕೇಳಬೇಕು! ಬಾಯಲ್ಲಿ ಲವಂಗ, ಮೂಗಿನ ಮೇಲೆ ಸಿಟ್ಟು. ಹಾಲಿನವನಿಗೆ ಬೈಗುಳ, ಬೆಕ್ಕಿಗೆ ಬೈಗುಳ, ನಾನು ಫೋನ್ ಮಾಡಿದರೆ ಮಾಡಿದ್ದಕ್ಕೆ, ಮಾಡದಿದ್ದರೆ ಮಾಡದ್ದಕ್ಕೆ. ಮಾವನಿಗಂತೂ ಉಸಿರಾಡಿದ್ದಕ್ಕೂ ಬೈಗುಳ. ಮಾವ ಮೊದಲೇ ಕಡಿಮೆ ಮಾತಿನವರು. ಈಗ ಪಾತ್ರೆ ತೊಳೆಯುವುದು, ಬಟ್ಟೆ ಜಾಲಿಸುವುದು, ತಣ್ಣೀರಿನ ಕೆಲಸವೆಲ್ಲ ಅವರದು. ತೊಳೆದ ಪಾತ್ರೆಗೆ ಅತ್ತೆಯಿಂದ ಮಾರ್ಕ್ಸ್ ಬೀಳುತ್ತಿತ್ತು. ಒಂದು ದಿನವೂ ಪಾಸಾಗಲಿಲ್ಲ. ಆದರೆ ಅತ್ತೆ ಹೊಗೆಸೊಪ್ಪು ಮುಟ್ಟಲಿಲ್ಲ.

ಆರು ವಾರವಾಯಿತು. ಅತ್ತೆ, ಮಾವ, ನಾನು ಡಾಕ್ಟರ ಮುಂದೆ ಕೂತೆವು. ಕಟ್ಟು ಬಿಚ್ಚಿದರು. ಹುಣ್ಣು ಒಣಗಿತ್ತು. ಬೆರಳ ತುದಿ ಸ್ವಲ್ಪ ಒಳಗೆ ಕುಸಿದಿತ್ತು, ಅಷ್ಟೇ. ಡಾಕ್ಟರು ಉಗುರನ್ನು ಒತ್ತಿ ಬಿಟ್ಟರು. ಬಿಳಿ. ಮೂವರೂ ಅದನ್ನೇ ನೋಡುತ್ತಿದ್ದೆವು. ಬಿಳಿಯೇ ಇತ್ತು. ಆಮೇಲೆ ಅಂಚಿನಿಂದ ನಿಧಾನವಾಗಿ ನಸುಗೆಂಪು ಹರಿದು ಬಂತು.

"ರಕ್ತ ಬರ್ತಿದೆ. ಸದ್ಯಕ್ಕೆ ಬೆರಳು ಉಳೀತು. ಕಾಯಿಲೆ ಹೋಗಿಲ್ಲ ಅಮ್ಮ, ಮಾತ್ರೆ ಬಿಡಬೇಡಿ. ಮನೇಲಿ ಯಾರಾದ್ರೂ ಬೀಡಿ ಸೇದ್ತಾರಾ? ಆ ಹೊಗೆಯೂ ಒಳ್ಳೇದಲ್ಲ."

ಅತ್ತೆಗೆ ಇಷ್ಟೇ ಸಾಕಾಗಿತ್ತು. "ಇವರು! ದಿನಕ್ಕೊಂದು ಕಟ್ಟು! ಈಗಲೂ ಉಂಡ ತಕ್ಷಣ ಎದ್ದು ಬೀದಿಗೆ ಹೋಯ್ತಾರೆ."

"ಬೀಡಿ ಬುಟ್ಟಿದೀನಿ," ಅಂದರು ಮಾವ.

"ಯಾವಾಗ?"

"ನೀನು ಹೊಗೆಸೊಪ್ಪು ಬುಟ್ಟ ದಿನಾನೇ."

"ಮತ್ತೆ ದಿನಾ ಆಚೆ ಹೋಗಿ ಏನ್ಮಾಡ್ತಿದ್ರಿ?"

"ಸುಮ್ನೆ ಕೂತಿರ್ತಿದ್ದೆ. ಬುಟ್ಟಿದೀನಿ ಅಂದಿದ್ರೆ, ಮೊದಲು ಬುಟ್ಟಿದ್ದು ನಾನು ಅಂತ ನೀನು ಜಗಳಕ್ಕೆ ಬತ್ತಿದ್ದೆ."

ಅತ್ತೆ ಬಾಯಿ ತೆರೆದರು. ಜಗಳಕ್ಕೇ ಅಂದುಕೊಂಡೆ. ಡಾಕ್ಟರ ಕೈಯಿಂದ ಬೆರಳನ್ನು ಬಿಡಿಸಿಕೊಂಡು, ಎಲ್ಲರ ಎದುರಿಗೇ ಮಾವನ ಅಂಗಿಯ ತೋಳಿನೊಳಗೆ ಕೈಯನ್ನು ಮೊಣಕೈವರೆಗೂ ತೂರಿಸಿದರು. ಆ ತಣ್ಣನೆಗೆ ಮಾವ ಒಮ್ಮೆ ಬೆಚ್ಚಿಬಿದ್ದರು. ಕೈ ಮಾತ್ರ ಎಳೆದುಕೊಳ್ಳಲಿಲ್ಲ.