ಮೇಜಾಗಿ ನೋಂದಣಿಯಾದ ಯಜಮಾನರ ವಿಷಯ

ಮಾನ್ಯ ವಾರ್ಷಿಕ ತರಬೇತಿಯವರಿಗೆ ಸವಿನಯ ವಂದನೆಗಳು.

ತಮ್ಮ ಒಂಬತ್ತು ಭಾಗಗಳೂ, ಪ್ರತಿ ಭಾಗದ ಕೊನೆಗೆ ಕಾದು ನಿಂತಿರುವ ಹತ್ತು ಪ್ರಶ್ನೆಗಳೂ, ತಪ್ಪು ಉತ್ತರ ಒತ್ತಿದಾಗ ಪರದೆಯ ಮೂಲೆಯಲ್ಲಿ ನಿಧಾನವಾಗಿ ತಲೆಯಾಡಿಸುವ ಬಿಳಿ ಕೋಟಿನ ಬೊಂಬೆಯೂ ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ತಮ್ಮ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ಸದ್ಯಕ್ಕೆ ‘ಅಪೂರ್ಣ’ ಎಂದಿರುವುದರಿಂದ ಅಷ್ಟು ಖಚಿತವಾಗಿ ಹೇಳಲು ಧೈರ್ಯ ಸಾಲುತ್ತಿಲ್ಲ.

ನಾನು ಮನೆಮನೆಗೆ ಹೋಗಿ ಗಾಯ ತೊಳೆದು ಕಟ್ಟುವ, ಮೂತ್ರದ ಚೀಲ ಬದಲಿಸುವ, ಇಂಜೆಕ್ಷನ್ ಕೊಡುವ ನರ್ಸು. ಈ ಕೆಲಸಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ಮನೆ-ಆರೈಕೆ ಸಿಬ್ಬಂದಿಯ ಸುರಕ್ಷತೆ ಮತ್ತು ಸೋಂಕು ನಿಯಂತ್ರಣದ ಪಾಠವನ್ನು ತಾವು ವರ್ಷಕ್ಕೊಮ್ಮೆ ನನಗೆ ಕಲಿಸುತ್ತೀರಿ, ನಾನು ವರ್ಷಕ್ಕೊಮ್ಮೆ ಕಲಿಯುತ್ತೇನೆ, ಇದುವರೆಗೆ ನಮ್ಮಿಬ್ಬರ ನಡುವೆ ಒಂದು ಮಾತೂ ಬಂದಿರಲಿಲ್ಲ. ಈ ವರ್ಷ ಬಂದಿದೆ. ಅದರಲ್ಲಿ ನನ್ನ ತಪ್ಪೆಷ್ಟು ಎಂದು ನನಗೇ ಗೊತ್ತಿಲ್ಲದ ಕಾರಣ, ನಡೆದದ್ದನ್ನು ಮೊದಲಿಂದ ಹೇಳುತ್ತೇನೆ.

ಮೊದಲಿಗೆ, ತಮ್ಮ ಎರಡನೇ ಭಾಗದಲ್ಲಿ ಬರುವ ಮಾದರಿ ಮನೆಯನ್ನು ಹೊಗಳದೆ ಮುಂದೆ ಹೋಗಲಾರೆ. ಎಂಥ ಮನೆ ಅದು. ಮಂಚ ನನ್ನ ಸೊಂಟದ ಎತ್ತರಕ್ಕೇ ಇದೆ, ಮೂರು ಕಡೆಯಿಂದಲೂ ನಡೆದು ಬರಬಹುದು. ನಲ್ಲಿಯನ್ನು ಮೊಣಕೈಯಿಂದ ತಿರುಗಿಸಿದರೆ ನೀರು ಬರುತ್ತದೆ, ಬಂದದ್ದು ಬೆಚ್ಚಗೂ ಇರುತ್ತದೆ. ನಾಯಿಯನ್ನು ನಾನು ಬರುವ ಮೊದಲೇ ಬೇರೆ ಕೋಣೆಯಲ್ಲಿ ಕಟ್ಟಿರುತ್ತಾರೆ, ಅದಕ್ಕೆ ಅದರ ಒಪ್ಪಿಗೆಯೂ ಇದ್ದಂತಿದೆ. ಮಾದರಿ ರೋಗಿ ಗಾಯ ತೊಳೆಯುವಾಗ ಕಿಟಕಿಯ ಹೊರಗೆ ನೋಡುತ್ತಾ ಮುಗುಳ್ನಗುತ್ತಾನೆ. ಮನೆಯಲ್ಲಿ ನೆಂಟರಿಲ್ಲ, ನೆಲದ ಮೇಲೆ ಕರೆಂಟಿನ ವೈರಿಲ್ಲ. ಗೋಡೆಯ ಪಕ್ಕದಲ್ಲಿ, ಅದೊಂದಕ್ಕೇ ಹುಟ್ಟಿದೆಯೇನೋ ಎಂಬಂತೆ, ಸ್ವಚ್ಛವಾದ, ಒಣಗಿದ, ಖಾಲಿ ಮೇಜು. ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಮನೆ ಹೊಕ್ಕವಳು ನಾನು. ಆ ಮನೆಯ ವಿಳಾಸ ಮಾತ್ರ ಯಾರೂ ನನಗೆ ಕೊಟ್ಟಿಲ್ಲ.

ನನಗೆ ಕೊಟ್ಟ ವಿಳಾಸಗಳಲ್ಲಿ ಒಂದು ಪೋಸ್ಟಮ್ಮನವರದು. ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಹಾಗೇ ಕರೆಯುತ್ತಾರೆ. ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ತಿಂಗಳುಗಟ್ಟಲೆ ಮಲಗಿದಲ್ಲೇ ಮಲಗಿ, ಬೆನ್ನಿನ ಕೆಳಗೆ ಹುಣ್ಣಾಗಿತ್ತು. ದಿನ ಬಿಟ್ಟು ದಿನ ಅದನ್ನು ತೊಳೆದು ಕಟ್ಟುವುದು ನನ್ನ ಕೆಲಸ. ಏಳು ತಿಂಗಳ ಹಿಂದೆ ಅದು ಅರ್ಧ ಪೋಸ್ಟ್‌ಕಾರ್ಡಿನಷ್ಟಿತ್ತು, ಕಳೆದ ತಿಂಗಳ ಹೊತ್ತಿಗೆ ಒಂದು ಸ್ಟ್ಯಾಂಪಿನಷ್ಟಾಗಿತ್ತು. ಈ ಅಳತೆ ನನ್ನದಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುವ ಪೋಸ್ಟಮ್ಮನವರಿಗೆ ತಮ್ಮ ಹುಣ್ಣು ತಮಗೆ ಕಾಣದು, ಆದ್ದರಿಂದ ಪ್ರತಿ ಸಲವೂ ಅವರ ಯಜಮಾನರು ನೋಡಿ ಅವರಿಗೆ ಅರ್ಥವಾಗುವ ಲೆಕ್ಕದಲ್ಲಿ ವರದಿ ಒಪ್ಪಿಸಬೇಕು. ಅವರು ಕೋಣೆಯಲ್ಲಿ ಇಲ್ಲದಿದ್ದರೆ ಈಕೆ ಹುಣ್ಣು ಮುಟ್ಟಲು ಬಿಡುವುದಿಲ್ಲ.

ಕೋಣೆಯ ಉದ್ದ ಹತ್ತಡಿ, ಅಗಲ ಎಂಟಡಿ. ಮಂಚ, ಗಾಲಿಕುರ್ಚಿ, ಯಜಮಾನರ ಕುರ್ಚಿ, ನಾನು. ಇದರ ಮೇಲೆ ನನ್ನ ಸಾಮಾನಿನ ಚೀಲ ಇಡಲು ಒಂದು ಮೇಜು ತಂದರೆ ಬಾಗಿಲು ತೆರೆಯುವುದಿಲ್ಲ. ಮಡಚುವ ಮೇಜು ತಂದು ನೋಡಿದೆವು. ಅದನ್ನು ಬಿಡಿಸಬೇಕಾದರೆ ಯಜಮಾನರು ಕುರ್ಚಿ ಸಮೇತ ಹೊರಗೆ ಹೋಗಬೇಕು. ಕೊನೆಗೆ ಯಜಮಾನರೇ, ಕಾಲು ಶತಮಾನ ಶಾಲೆಯ ಬಸ್ಸು ಓಡಿಸಿದವರು, ಅಡುಗೆಮನೆಯಿಂದ ದೊಡ್ಡ ಸ್ಟೀಲ್ ತಟ್ಟೆಯೊಂದನ್ನು ತಂದು ತೊಡೆಯ ಮೇಲಿಟ್ಟುಕೊಂಡು ಕೂತು, “ಟೇಬಲ್ ರೆಡಿ ಸಿಸ್ಟರ್, ಇಡಿ ನಿಮ್ಮ ಸಾಮಾನು” ಎಂದರು. ನಾನು ತಟ್ಟೆಯನ್ನು ಸ್ಪಿರಿಟ್ ಹಾಕಿ ಒರೆಸಿ, ಮೇಲೆ ಶುದ್ಧ ಕಾಗದ ಹಾಸಿ, ಚೀಲವನ್ನು ಇಟ್ಟೆ. ಅಂದಿನಿಂದ ಏಳು ತಿಂಗಳು, ಪ್ರತಿ ಸಲ ನಲವತ್ತು ನಿಮಿಷ, ಎರಡೂ ಕೈ ತಟ್ಟೆಯ ಕೆಳಗಿಟ್ಟು ಅವರು ಅಲುಗಾಡದೆ ಕೂತಿದ್ದಾರೆ. “ಮದುವೆಯಾಗಿ ನಲವತ್ತಾರು ವರ್ಷ, ಈ ಮನುಷ್ಯ ನಾನು ಹೇಳಿದ ಕಡೆ ಕೂತಿದ್ದು ಇದೇ ಮೊದಲು” ಎಂಬುದು ಪೋಸ್ಟಮ್ಮನವರ ಅಭಿಪ್ರಾಯ.

ಈಗ ತಮ್ಮ ನಾಲ್ಕನೇ ಭಾಗದ ಆರನೇ ಪ್ರಶ್ನೆಗೆ ಬರುತ್ತೇನೆ. ರೋಗಿಯ ಮನೆಯಲ್ಲಿ ಚೀಲವನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿದ್ದಿರಿ. ನೆಲದ ಮೇಲೆ, ಹಾಸಿಗೆಯ ಮೇಲೆ, ಸ್ವಚ್ಛ ಒಣ ಮೇಜಿನ ಮೇಲೆ, ಹೆಗಲ ಮೇಲೆ ಎಂಬ ನಾಲ್ಕು ಉತ್ತರಗಳಲ್ಲಿ ನಾನು ಮೂರನೆಯದನ್ನೇ ಒತ್ತಿದೆ, ಬೊಂಬೆ ಚಪ್ಪಾಳೆ ತಟ್ಟಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಕೆಳಗೊಂದು ಖಾಲಿ ಚೌಕವಿತ್ತು: ‘ಇದನ್ನು ನಿಮ್ಮ ದಿನನಿತ್ಯದ ಕೆಲಸದಲ್ಲಿ ಹೇಗೆ ಪಾಲಿಸುತ್ತೀರಿ?’ ಕೇಳಿದವರಿಗೆ ಉತ್ತರಿಸದೆ ಹೋಗುವುದು ಮರ್ಯಾದೆಯಲ್ಲವೆಂದು, ‘ಒಂದು ಮನೆಯಲ್ಲಿ ಮೇಜಿನ ಬದಲು ರೋಗಿಯ ಯಜಮಾನರನ್ನು ಬಳಸುತ್ತೇವೆ, ಬಹಳ ಅನುಕೂಲವಾಗಿದೆ’ ಎಂದು ಬರೆದೆ.

ಇದನ್ನು ಕೇಳಿದ ನಮ್ಮ ಮೇಲ್ವಿಚಾರಕಿ, ನನಗಿಂತ ಹದಿನೈದು ವರ್ಷ ಚಿಕ್ಕವಳು, ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. “ಅಕ್ಕಾ, ಆ ಬಾಕ್ಸಲ್ಲಿ ಯಾರಾದ್ರೂ ಬರೀತಾರಾ? ಅದು ಇರೋದೇ ಖಾಲಿ ಬಿಡೋಕೆ” ಎಂದಳು. ಅವಳಿಗೆ ಆರು ವರ್ಷದ ಅನುಭವ, ಅವಳು ಹೇಳಿದ್ದು ಸರಿ.

ಮೂರು ದಿನದ ನಂತರ ತಮ್ಮಿಂದ ಬಂದ ಪತ್ರದಲ್ಲಿ, ಆ ಮನೆಯಲ್ಲಿ ‘ಮೇಜು, ಒಂದು (ಹೆಸರು: ಯಜಮಾನ)’ ಎಂಬ ಅನುಮೋದನೆಯಿಲ್ಲದ ಉಪಕರಣ ಬಳಕೆಯಲ್ಲಿರುವುದು ಗಮನಕ್ಕೆ ಬಂದಿದೆಯೆಂದೂ, ಅದರ ತಯಾರಿಕೆಯ ವರ್ಷ, ಎತ್ತರ, ತಾಳುವ ಭಾರ ಮತ್ತು ಕೊನೆಯ ಬಾರಿ ರಿಪೇರಿಯಾದ ದಿನಾಂಕವನ್ನು ತಿಳಿಸಬೇಕೆಂದೂ ಇತ್ತು. ತಮ್ಮ ಶ್ರದ್ಧೆಗೆ ಬೆರಗಾಗಿ ಎಲ್ಲವನ್ನೂ ತುಂಬಿ ಕಳಿಸಿದೆ. ಕೊನೆಯ ರಿಪೇರಿ ಎಂಬಲ್ಲಿ ಕಣ್ಣಿನ ಪೊರೆಯ ಆಪರೇಷನ್ನಿನ ದಿನಾಂಕ ಹಾಕಿದೆ.

ಮುಂದಿನ ವಾರ ಉಪಕರಣ ತಪಾಸಣೆಯವರೊಬ್ಬರು ಬಂದರು. ತುಂಬಾ ಸಭ್ಯರು, ಬೂಟಿಗೆ ಕವರ್ ಹಾಕಿಕೊಂಡೇ ಒಳಗೆ ಬಂದರು. ಯಜಮಾನರ ಮಂಡಿಯಿಂದ ನೆಲದವರೆಗೆ ಟೇಪು ಹಿಡಿದು ಅಳೆದರು. ತಟ್ಟೆಯ ಮೇಲೆ ರಸಮಟ್ಟ ಇಟ್ಟು ಒಳಗಿನ ಗುಳ್ಳೆ ನಡುವೆ ನಿಲ್ಲುವವರೆಗೆ ಕಾದರು, ಯಜಮಾನರು ಅಷ್ಟು ಹೊತ್ತೂ ಉಸಿರು ಹಿಡಿದಿದ್ದರು. ಎಷ್ಟು ಭಾರ ತಾಳುತ್ತದೆ ಎಂದು ತಪಾಸಣೆಯವರು ನನ್ನನ್ನು ಕೇಳಿದರೆ ಮೇಜೇ ಉತ್ತರಿಸಿತು: “ಮೊಮ್ಮಗಳು ಬಂದು ಕೂತರೂ ತಾಳ್ತೀನಿ, ಬರ್ಕೊಳ್ಳಿ ಸ್ವಾಮಿ.” ಅವರು ‘ಮೊಮ್ಮಗಳು, ಒಂದು’ ಎಂದು ಬರೆದುಕೊಂಡರು. ಹೋಗುವ ಮುಂಚೆ ನೋಂದಣಿ ಸಂಖ್ಯೆಯ ಚೀಟಿಯೊಂದನ್ನು ಯಜಮಾನರ ಅಂಗಿಯ ಜೇಬಿನ ಮೇಲೆ ಅಂಟಿಸಿ, ತೆಗೆಯಬಾರದೆಂದು ಹೇಳಿದರು. “ಒಳ್ಳೇದೇ ಆಯ್ತು, ಇನ್ನು ಕಳೆದುಹೋದ್ರೆ ಹುಡುಕೋದು ಸುಲಭ” ಎಂದರು ಪೋಸ್ಟಮ್ಮ, ಗೋಡೆಯ ಕಡೆ ತಿರುಗಿಯೇ.

ಫಲಿತಾಂಶ ಬಂದಾಗ ನಗು ನಿಂತಿತು. ಮೇಜು ಮಟ್ಟವಾಗಿದೆ, ಆದರೆ ಕೆಮ್ಮಿದಾಗ ಅಲುಗುತ್ತದೆ. ಮೇಲ್ಮೈ ಬಟ್ಟೆಯದಾದ್ದರಿಂದ ಸೋಂಕುನಾಶಕದಿಂದ ಒರೆಸಲು ಬರುವುದಿಲ್ಲ. ಆದ್ದರಿಂದ ಸದರಿ ಮೇಜನ್ನು ವಿಲೇವಾರಿ ಮಾಡತಕ್ಕದ್ದು, ಐದನೇ ಭಾಗದಲ್ಲಿ ಹೇಳಿದ ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೋ ಕೆಂಪು ಚೀಲಕ್ಕೋ ಎಂಬುದನ್ನು ನಮೂದಿಸತಕ್ಕದ್ದು, ವಿಲೇವಾರಿಯ ರಸೀದಿ ತಲುಪುವವರೆಗೆ ಆ ಮನೆಗೆ ನರ್ಸಿನ ಭೇಟಿಗಳನ್ನು ತಡೆಹಿಡಿಯಲಾಗಿದೆ. ಜೊತೆಗೆ ನನ್ನ ತರಬೇತಿ ‘ಅಪೂರ್ಣ’. ಮೇಲ್ವಿಚಾರಕಿ ಮೂರು ಬಾರಿ ಫೋನು ಮಾಡಿದಳು. ಮೂರು ಬಾರಿಯೂ ತಮ್ಮ ಬೊಂಬೆಯ ದನಿ ಅವಳಿಗೆ ಕೈ ತೊಳೆಯುವ ವಿಧಾನವನ್ನು ವಿವರಿಸಿತು.

ನಾನು ತರಬೇತಿಯ ವಿರೋಧಿಯಲ್ಲ, ದಯವಿಟ್ಟು ನಂಬಬೇಕು. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಒಂದು ಮನೆಯಿಂದ ಇನ್ನೊಂದಕ್ಕೆ ಓಡುವ ಅವಸರದಲ್ಲಿ, ಸೋಪು ಹುಡುಕದೆ ಬರೀ ನೀರಲ್ಲಿ ಕೈ ಅದ್ದಿ ಹೋಗಿದ್ದೆ. ಆ ವಾರ ಎರಡನೇ ಮನೆಯವರ ಗಾಯ ಕೀವಾಯಿತು. ನನ್ನಿಂದಲೇ ಎಂದು ಯಾರೂ ಹೇಳಲಿಲ್ಲ, ಅಲ್ಲ ಎಂದೂ ಯಾರೂ ಹೇಳಲಿಲ್ಲ. ಅಂದಿನಿಂದ ತಮ್ಮ ಪಾಠವನ್ನು ಪ್ರತಿ ವರ್ಷ ಮೊದಲ ಸಲ ಕೇಳುವವಳಂತೆ ಕೇಳುತ್ತೇನೆ. ಎಪ್ಪತ್ತು ದಾಟಿದವರೊಬ್ಬರನ್ನು ಪೀಠೋಪಕರಣವಾಗಿ ಬಳಸಿದ್ದು ಸರಿಯೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ ಕೂಡ. ಸರಿಯಲ್ಲದಿರಬಹುದು. ಆದರೆ ಏಳು ತಿಂಗಳಲ್ಲಿ ಆ ಹುಣ್ಣಿಗೆ ಒಮ್ಮೆಯೂ ಸೋಂಕು ತಗುಲಿಲ್ಲ, ಈ ಒಂದು ಸಂಗತಿಯನ್ನು ತುಂಬಲು ತಮ್ಮ ಫಾರಂನಲ್ಲಿ ಎಲ್ಲೂ ಜಾಗ ಸಿಗಲಿಲ್ಲ.

ಭೇಟಿ ನಿಂತದ್ದು ಸೋಮವಾರ. ಅಂದು ಕಟ್ಟು ಬಿಚ್ಚಲಿಲ್ಲ. ಬುಧವಾರ ಕಟ್ಟು ಒದ್ದೆಯಾದದ್ದನ್ನು ನೋಡಿ ಯಜಮಾನರೇ ತಟ್ಟೆಯನ್ನು ನೆಲದ ಮೇಲಿಟ್ಟು, ಗೊತ್ತಿದ್ದ ಹಾಗೆ ಬದಲಿಸಿದರು. ನೆಲದ ಮೇಲೆ ಎಂಬುದು ತಮ್ಮ ಮೊದಲನೇ ತಪ್ಪು ಉತ್ತರ. ಶುಕ್ರವಾರ ನನಗೆ ರಜೆ. ತಮ್ಮ ನಿಯಮಗಳನ್ನು ಎರಡು ಸಲ ಓದಿ ನೋಡಿದೆ. ತರಬೇತಿಯಿಲ್ಲದ ಮನೆಯವರು ಗಾಯ ಕಟ್ಟಬಹುದು, ಅದಕ್ಕೆ ತಡೆಯಿಲ್ಲ. ನೋಡಿಕೊಂಡು ಹೋಗಲು ಬಂದ ಅತಿಥಿ ಕೋಣೆಯಲ್ಲಿರಬಹುದು, ಅದಕ್ಕೂ ತಡೆಯಿಲ್ಲ. ಇಪ್ಪತ್ತೆರಡು ವರ್ಷದ ಅನುಭವವಿರುವವಳು ಮಾತ್ರ ಮುಟ್ಟುವ ಹಾಗಿಲ್ಲ. ಆದ್ದರಿಂದ ಅತಿಥಿಯಾಗಿ ಹೋದೆ, ಕುರ್ಚಿಯಲ್ಲಿ ಕೂತೆ, ತಟ್ಟೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಯಜಮಾನರು ಮೊಣಕೈವರೆಗೆ ಕೈ ತೊಳೆದು, ಗ್ಲೌಸ್ ಹಾಕಿ, ಏಳು ತಿಂಗಳು ನೋಡಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದರು. ಬಾಯಲ್ಲಿ ಹೇಳಿಕೊಡುವುದಕ್ಕೆ ಅತಿಥಿಗೆ ಅಡ್ಡಿಯಿಲ್ಲವೆಂದು ನಾನೇ ತೀರ್ಮಾನಿಸಿ ಹೇಳಿಕೊಟ್ಟೆ.

ಹುಣ್ಣು ಎರಡು ಸ್ಟ್ಯಾಂಪಿನಷ್ಟಾಗಿತ್ತು, ಅಂಚು ಕೆಂಪಾಗಿತ್ತು.

“ಎಷ್ಟಿದೆ?” ಎಂದು ಗೋಡೆಯ ಕಡೆಯಿಂದ ಪೋಸ್ಟಮ್ಮ ಕೇಳಿದರು. “ಒಂದೇ ಸ್ಟ್ಯಾಂಪು ಕಣೇ, ಹಾಗೇ ಇದೆ” ಎಂದರು ಯಜಮಾನರು, ನನ್ನ ಮುಖ ನೋಡುತ್ತಾ. ಆ ಹೊತ್ತಿಗೆ ನಾನು ಮೇಜಾಗಿದ್ದೆ, ಮೇಜು ಮಾತಾಡುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ, ಅದು ಸಮಾಧಾನವಾಗಲಿಲ್ಲ. ಇದು ಬಹಿರಂಗ ಪತ್ರವಾದ್ದರಿಂದ ಪೋಸ್ಟಮ್ಮನವರೂ ಓದುತ್ತಾರೆ. ಓದಲಿ ಎಂದೇ ಬರೆದಿದ್ದೇನೆ. ನಲವತ್ತಾರು ವರ್ಷದಲ್ಲಿ ಯಜಮಾನರು ಅವರಿಗೆ ಎಷ್ಟು ಸುಳ್ಳು ಹೇಳಿದ್ದಾರೋ ನಾನರಿಯೆ, ಈ ಒಂದನ್ನು ಅವರಿಂದ ಹೇಳಿಸಿದ್ದು ತಾವು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಅಲ್ಪ. ತಮ್ಮ ಮಾದರಿ ಮನೆಯನ್ನು, ನಲ್ಲಿ ಮತ್ತು ಮೇಜಿನ ಸಮೇತ, ದಿನ ಬಿಟ್ಟು ದಿನ ನಲವತ್ತು ನಿಮಿಷದ ಮಟ್ಟಿಗೆ ಆ ಬೀದಿಗೆ ಕಳಿಸಿಕೊಡಬೇಕು. ನಾಯಿ ಬರದಿದ್ದರೂ ನಡೆಯುತ್ತದೆ. ಅದಾಗದಿದ್ದರೆ ಮಾದರಿ ರೋಗಿಗೆ ಒಂದು ವಾರ ನಿಜವಾದ ಹುಣ್ಣು ಕೊಡಿಸಿ, ಆಗಲೂ ಕಿಟಕಿಯ ಹೊರಗೆ ನೋಡಿ ನಗುತ್ತಾನೋ ಎಂದು ತಿಳಿಸಬೇಕು. ಅದೂ ಆಗದಿದ್ದರೆ ಒರೆಸಲು ಬರುವಂಥ, ಕೆಮ್ಮದಂಥ, ಹುಣ್ಣಿನ ಅಳತೆಯನ್ನು ಹೆಂಡತಿಗೆ ಪ್ರೀತಿಯಿಂದ ಹೇಳುವಂಥ ಬದಲಿ ಯಜಮಾನರೊಬ್ಬರನ್ನು ಸರಬರಾಜು ಮಾಡಬೇಕು. ಈ ಯಾವುದೂ ತಮ್ಮ ಕೈಲಾಗದ ಪಕ್ಷದಲ್ಲಿ, ಮಂಗಳವಾರದೊಳಗೆ ತಡೆಯನ್ನು ತೆಗೆದು ನನ್ನನ್ನು ಒಳಗೆ ಬಿಡಬೇಕು. ಮಿಕ್ಕ ಫಾರಂಗಳನ್ನೆಲ್ಲ ನಾನು ಆಮೇಲೆ ಎಷ್ಟು ಪ್ರತಿಯಲ್ಲಿ ಬೇಕಾದರೂ ತುಂಬಿ ಕೊಡುತ್ತೇನೆ. ಹುಣ್ಣು ದೊಡ್ಡದಾಗುವುದಕ್ಕೆ ಮಾತ್ರ ಯಾವ ಫಾರಮನ್ನೂ ತುಂಬಬೇಕಾಗಿಲ್ಲ.

ತಮ್ಮ ಪಾಠವನ್ನು ಇನ್ನೂ ನಂಬುವ, ತಮ್ಮ ದಾಖಲೆಯಲ್ಲಿ ಅಪೂರ್ಣಳಾದ,
ತಮ್ಮ ವಿಶ್ವಾಸಿ,
ಮನೆ-ಆರೈಕೆಯ ನರ್ಸು

ಮರೆತ ಮಾತು: ನಾಳೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಅತಿಥಿಯಾಗಿ ಹೋಗುತ್ತಿದ್ದೇನೆ. ಹಳೆಯ ಮೇಜನ್ನು ಒಯ್ಯಲು ತಮ್ಮ ವಿಲೇವಾರಿಯವರು ಆ ಹೊತ್ತಿಗೇ ಬಂದರೆ ಬಾಗಿಲು ತೆರೆಯಲು ಯಾರಿಗೂ ಕೈ ಬಿಡುವಿರುವುದಿಲ್ಲ. ಎರಡೂ ಚೀಲಗಳನ್ನು ಮೆಟ್ಟಿಲ ಮೇಲಿಟ್ಟು, ಅಲ್ಲೇ ಕಾಯುತ್ತಾ, ಬೀದಿಯಲ್ಲಿ ಹೋಗುವ ಯಾರನ್ನಾದರೂ ಕೇಳಿ ನೋಡಲಿ: ಮನುಷ್ಯರನ್ನು ಯಾವ ಬಣ್ಣದ್ದರಲ್ಲಿ ಹಾಕುತ್ತಾರೆ ಎಂದು. ಉತ್ತರ ಸಿಕ್ಕರೆ ಐದನೇ ಭಾಗದಲ್ಲಿ ಸೇರಿಸಿಕೊಳ್ಳಬಹುದು.