ಅತ್ತಿಗೆ ಉಂಡ ಮೇಲೆ ಮಾಸ್ತರರ ಊಟ

ಮನುಷ್ಯರಿಗೆ ಹಕ್ಕುಗಳಿರುವುದು ಒಳ್ಳೆಯದೇ. ಅವನ್ನು ಕಲಿಸುವವನು ಮಾತ್ರ ನಿಮ್ಮ ಮೈದುನನಾಗಿರಬಾರದು! ನನ್ನ ಮೈದುನ ಲಿಂಗಸುಗೂರಿನ ಕಾಲೇಜಿನಲ್ಲಿ ಮಾನವ ಹಕ್ಕು, ಸಾಮಾಜಿಕ ನ್ಯಾಯ ಕಲಿಸುತ್ತಾನೆ. ಕಲಿಸಿ ಅಲ್ಲಿಯೇ ಬಿಟ್ಟು ಬರಬಾರದೆ? ಬಸ್ಸಿನಲ್ಲಿ ಮಸ್ಕಿಯ ತನಕ ಹೊತ್ತು ತಂದು ನನ್ನ ಅಡುಗೆಮನೆಯಲ್ಲೇ ಇಳಿಸುತ್ತಾನೆ.

ಈ ವರ್ಷ ವಿದ್ಯಾರ್ಥಿಗಳಿಗೊಂದು ಕೆಲಸ ಕೊಟ್ಟನಂತೆ: ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರಿಗೆ ಏನು ಉಳಿದಿರುತ್ತದೆ, ಏಳು ದಿನ ನೋಡಿ ಬರೆಯಿರಿ. ಅದಾದ ಮೇಲೆ ಇವನಿಗೊಂದು ವ್ರತ ಹತ್ತಿಕೊಂಡಿತು. ರೊಟ್ಟಿ ಬಡಿದವರು ಉಣ್ಣುವ ತನಕ ಇವನು ತುತ್ತು ಎತ್ತುವುದಿಲ್ಲ!

"ಅತ್ತಿಗಿ, ಮೊದ್ಲು ನೀವು ಕುಂದ್ರ್ರಿ."

"ಗಂಡಸ್ರಕಿಂತ ಮೊದ್ಲು ಉಂಡ್ರ ಅಮರೇಶ್ವರ ಮೆಚ್ತಾನೇನೋ?"

"ಅವಂದು ನೈವೇದ್ಯ ಆಗೈತಲ್ರಿ. ಆತಂದು ಊಟ ಮುಗದೈತಿ. ಉಳದೋರು ನೀವೊಬ್ರೇ."

ಇವನ ಹಟಕ್ಕೆ ನಿನ್ನೆಯ ರೊಟ್ಟಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಎದ್ದುಬಿಡುತ್ತಿದ್ದೆ. ಸೋಮವಾರ ನನ್ನ ಉಪವಾಸ. ಅಂದು ಇವನೂ ಉಣ್ಣಲಿಲ್ಲ. ಸಂಜೆಗೆ ಮುಖ ಬಾಡಿಸಿಕೊಂಡು ಬಂದು, "ಅತ್ತಿಗಿ, ನಿಮ್ಮ ಶಿವ ಎಷ್ಟು ಗಂಟೆಕ್ಕ ಬಿಡ್ತಾನ್ರಿ?" ಎಂದ. ನನ್ನ ಅರ್ಧ ಪುಣ್ಯ ಇವನ ಪಾಲಾಯಿತೇನೋ. ಇವನು ದೇವರನ್ನು ನಂಬುವುದೂ ಇಲ್ಲ!

ಸಿಂಧನೂರಿನಿಂದ ಬೀಗರು ಬಂದಾಗಲಂತೂ ಮಾನವೇ ಹೋಯಿತು. ತಾಟು ಹಾಕಿದೆ, ಇವನು ಕೈಕಟ್ಟಿ ಕುಳಿತ. ಮನೆಯವನೇ ಉಣ್ಣದಿದ್ದರೆ ಬೀಗರು ಹೇಗೆ ಕೈ ಹಾಕುತ್ತಾರೆ? ನಮ್ಮ ಮನೆಯವರು ನನ್ನ ಮೇಲೇ ಸಿಡುಕಿದರು: "ನೀನರ ಒಂದು ತುತ್ತು ಹಾಕ್ಕೋ ಮಾರಾಯ್ತಿ, ಬೀಗರು ಹಸದಾರ!" ಅಷ್ಟು ಜನರೆದುರು, ಸೆರಗು ಅಡ್ಡ ಹಿಡಿದು ತುತ್ತು ನುಂಗಿದೆ. ಮದುವೆಯಲ್ಲೂ ಅಷ್ಟು ನಾಚಿರಲಿಲ್ಲ.

ಬೀಗರು ಹೋದ ಕೂಡಲೇ ಹೇಳಿಬಿಟ್ಟೆ: "ಸಾಕಾತಪ್ಪ. ನೀ ಲಿಂಗಸುಗೂರಾಗ ರೂಮ್ ಹಿಡಿ."

"ಹೂಂ ಅತ್ತಿಗಿ," ಎಂದ.

ಮರುದಿನ ರವಿವಾರ. ಅವನ ಮೇಜು ಒರೆಸಲು ಹೋದೆ. ವಿದ್ಯಾರ್ಥಿಗಳ ಹಾಳೆಗಳ ಮೇಲೆ ಅವನದೇ ಅಕ್ಷರದ ಒಂದು ಹಾಳೆ. ಮಕ್ಕಳಿಗೆ ಕೊಟ್ಟ ಕೆಲಸವನ್ನು, ವ್ರತ ಹಿಡಿಯುವ ಮೊದಲೇ, ತಾನೂ ಮಾಡಿದ್ದ! "ಕೊನೆಗೆ ಉಂಡವರು: ಅತ್ತಿಗೆ. ಉಳಿದದ್ದು: ಅರ್ಧ ರೊಟ್ಟಿ, ತಳದ ಪಲ್ಯ. ಕೇಳಿದರೆ ಹೇಳಿದ್ದು: ಹಸಿವಿಲ್ಲ." ಸೋಮವಾರದ ಉಪವಾಸ ಬಿಟ್ಟರೆ ಉಳಿದ ದಿನವೆಲ್ಲ ಹೆಚ್ಚುಕಡಿಮೆ ಅದೇ. ಕೆಳಗೆ ಒಂದು ಸಾಲು: "ಇವರ ಕೈಯಲ್ಲಿ ಹದಿನಾರು ವರ್ಷ ಉಂಡಿದ್ದೇನೆ. ನೋಡಿದ್ದು ಏಳೇ ದಿನ."

ಒಲೆಯ ಮುಂದೆ ಬಂದು ಕುಳಿತೆ. ಹಂಚಿನ ಮೇಲೆ ಉಬ್ಬಿದ ಮೊದಲ ರೊಟ್ಟಿಯನ್ನು ನನ್ನ ತಾಟಿಗೇ ಹಾಕಿಕೊಂಡೆ. ಮುರಿದರೆ ಹಬೆ ಬೆರಳಿಗೆ ಬಡಿಯಿತು. ಶಿವನೇ, ನಾನು ಬಡಿಯುವ ರೊಟ್ಟಿ ಬಿಸಿಯಿದ್ದಾಗ ಇಷ್ಟು ರುಚಿಯೇ? ನಿನ್ನ ದಯೆಗಳಲ್ಲಿ ಇದನ್ನೂ ಎಣಿಸುತ್ತೇನೆ.

ತಾಟು ತೊಳೆದು, ಹೊರಗಿನವರೆಗೂ ಕೇಳುವಂತೆ ಕೂಗಿದೆ: "ನಂದು ಊಟ ಆತೋ ಮಾಸ್ತರಾ! ಬಾ, ಕುಂದ್ರು. ರೂಮ್ ಗೀಮ್ ಏನೂ ಬ್ಯಾಡ."